ಈಬತ್ತಿ ಹಾಲು ಬಿಟ್ಟ ಮೇಲೆ

ನಮ್ಮ ನಾರಾಯಣಪೇಟೆಯಲ್ಲಿ ಬೆಕ್ಕುಗಳು ಮುದಿಯಾಗುವುದಿಲ್ಲ. ಒಂದು ದಿನ ಮನೆಗೆ ಬರುವುದಿಲ್ಲ, ಅಷ್ಟೆ. ಯಾರದೋ ಮಾಳಿಗೆಯ ಮೇಲೋ, ಯಾವುದೋ ಟ್ರ್ಯಾಕ್ಟರಿನ ಗಾಲಿಗೋ ಮುಗಿದಿರುತ್ತದೆ. ಮನೆಯವರು ನಾಲ್ಕು ದಿನ ಕೂಗಿ ಕರೆದು, ಆಮೇಲೆ ಬಟ್ಟಲು ತೊಳೆದು ಎತ್ತಿಡುತ್ತಾರೆ. ಹೀಗಾಗಿ, ಮುದಿ ಬೆಕ್ಕಿಗೆ ಕಾಯಿಲೆಯಾದರೆ ಏನು ಮಾಡಬೇಕು ಎಂದು ನಾನು ಕೇಳಿದಾಗ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಅಭಿಪ್ರಾಯಗಳು ಬೇಕಾದಷ್ಟಿದ್ದವು. "ಬೆಕ್ಕಲ್ಲೇನ್ರಿ" ಎಂಬುದು ಅವುಗಳಲ್ಲಿ ಮೊದಲನೆಯದು, ಮತ್ತು ಅದನ್ನು ಹೇಳಿದವರು ಅಲ್ಲಿಗೆ ವಿಷಯ ಮುಗಿಯಿತೆಂದು ತಿಳಿಯುತ್ತಿದ್ದರು. ಆ ಮಾತು ಕೇಳಿಸಿಕೊಂಡು, ತೊಡೆಯ ಮೇಲೆ ಬೆಕ್ಕನ್ನಿಟ್ಟುಕೊಂಡು, ಈಗ ಏನು ಎಂದು ಕೂತಿರುವವರು ಇನ್ನೂ ಯಾರಾದರೂ ಇರಬಹುದು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸಲಹೆ ಇಲ್ಲ. ನಮ್ಮ ಮನೆಯಲ್ಲಿ ಏನಾಯಿತು ಎಂಬುದಷ್ಟೇ ಇದೆ.

ಬೆಕ್ಕಿನ ಹೆಸರು ಈಬತ್ತಿ, ನಮ್ಮ ಕಡೆ ವಿಭೂತಿಗೆ ಹಾಗೆನ್ನುತ್ತಾರೆ. ಬೂದು ಮೈ, ಹಣೆಯ ಮೇಲೆ ಮೂರು ಗೆರೆ. ಹೆಸರಿಟ್ಟವಳು ನಮ್ಮ ಅತ್ತಿ, ಅಂದರೆ ಅಪ್ಪನ ಅಕ್ಕ ಶರಣಮ್ಮ. ನಾನು ಶಾಲೆಗೆ ಹೋಗುವ ವಯಸ್ಸಿನಲ್ಲೇ ಇದಕ್ಕೆ ಆಕ್ಷೇಪಣೆ ಎತ್ತಿದ್ದೆ: ವಿಭೂತಿ ಅಡ್ಡ ಹಚ್ಚುತ್ತಾರೆ, ಈ ಗೆರೆಗಳು ಉದ್ದಕ್ಕಿವೆ. ಅತ್ತಿ ಬೆಕ್ಕಿನ ಕಡೆ ನೋಡದೆಯೇ ಹೇಳಿದ್ದಳು, "ಅದು ತಲಿ ವಾರಿ ಮಾಡ್ಕೊಂಡು ಮಲಗ್ತತಿ, ಅವಾಗ ನೋಡು."

ನಮ್ಮದು ಸೀರೆ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ನಾನು ಚಿಕ್ಕವಳಿದ್ದಾಗಲೇ ಅವ್ವ ತೀರಿಕೊಂಡಳು. ಇಟಿಕ್ಯಾಲದಲ್ಲಿ ಗಂಡನನ್ನು ಕಳೆದುಕೊಂಡು ತವರಿಗೆ ಬಂದ ಅತ್ತಿ ನನ್ನನ್ನು ಬೆಳೆಸಿದಳು. ಅದೇ ಸುಮಾರಿಗೆ ಸೀರೆ ಗಂಟುಗಳ ಸಂದಿಯಲ್ಲಿ ಸಿಕ್ಕ ಮರಿಯನ್ನೂ ಬೆಳೆಸಿದಳು. ಅದರ ಕೆಲಸ ಇಲಿ ಕಾಯುವುದು. ಇಲಿ ಕೊಂದು ಅಂಗಡಿಯ ಹೊಸ್ತಿಲಲ್ಲಿ ಇಟ್ಟು ಹೋಗುತ್ತಿತ್ತು, ತಿನ್ನುತ್ತಿರಲಿಲ್ಲ. ಇದು ಅತ್ತಿಗೆ ದೊಡ್ಡ ಹೆಮ್ಮೆ. ಸೀರೆ ನೋಡಲು ಬಂದ ಹೆಂಗಸರಿಗೆಲ್ಲ ಹೇಳುತ್ತಿದ್ದಳು: "ನಮ್ಮದು ಲಿಂಗಾಯತ ಬೆಕ್ಕ್ ರೀ. ಹಾಲು, ತುಪ್ಪ ಹಚ್ಚಿದ ರೊಟ್ಟಿ, ಮೊಸರು. ಹುಟ್ಟಿದಾಗಿಂದ ಮತ್ತೊಂದಕ್ಕ ಬಾಯಿ ಹಾಕಿಲ್ಲ." ಬಂದವರು ಬೆಕ್ಕನ್ನು ಗೌರವದಿಂದ ನೋಡುತ್ತಿದ್ದರು. ಬೆಕ್ಕು ಅವರನ್ನು ನೋಡುತ್ತಿರಲಿಲ್ಲ.

ಕಾಯಿಲೆ ಶುರುವಾದದ್ದು ನೀರಿನಿಂದ. ಹದಿನಾರೋ ಹದಿನೇಳೋ ವರ್ಷದ ಈಬತ್ತಿ ಬಚ್ಚಲಿನ ಕೊಡದ ಹತ್ತಿರವೇ ಮಲಗತೊಡಗಿತು. ಕುಡಿಯುವುದು, ಉಚ್ಚೆ ಹೊಯ್ಯುವುದು, ಮತ್ತೆ ಕುಡಿಯುವುದು. ಆಮೇಲೆ ವಾಂತಿ. ಬೆನ್ನೆಲುಬು ಕೈಗೆ ಹತ್ತುವಂತಾಯಿತು. ಒಂದು ಬೆಳಿಗ್ಗೆ ಅತ್ತಿ ಇಟ್ಟ ಹಾಲಿನ ಮೇಲೆ ಕೆನೆ ಕಟ್ಟಿ, ಕೆನೆಯ ಮೇಲೆ ಇರುವೆ ಬಂದಿತ್ತು. ಅತ್ತಿ ಬಟ್ಟಲನ್ನು ನನ್ನ ಮುಂದೆ ತಂದಿಟ್ಟು, "ನೋಡು" ಎಂದಳು. ಏನು ನೋಡಬೇಕೆಂದು ಹೇಳಲಿಲ್ಲ.

ನಮ್ಮೂರಿನ ಪಶುವೈದ್ಯರು ಹಳ್ಳಿಗಳ ಶಿಬಿರಕ್ಕೆ ಹೋಗಿದ್ದರಿಂದ ಮಕ್ತಲ್‌ಗೆ ಹೋದೆವು. ಅಲ್ಲಿ ಬೇವಿನ ಗಿಡದ ಕೆಳಗೆ ಎಮ್ಮೆಗಳು, ಆಡುಗಳು, ಅವುಗಳ ಹಗ್ಗ ಹಿಡಿದ ಮನುಷ್ಯರು. ಬುಟ್ಟಿ ಹಿಡಿದವರು ನಾವಿಬ್ಬರೇ. ಕೊತ್ತಪಲ್ಲಿಯ ಕಡೆಯಿಂದ ಆಡು ತಂದಿದ್ದ ಒಬ್ಬ ಮುದುಕ ಬುಟ್ಟಿಯ ಬಟ್ಟೆ ಸರಿಸಿ ನೋಡಿದ.

"ಏನಾಗೇತಿ ಇದಕ್ಕ?"

"ವಯಸ್ಸಾಗೇತ್ರಿ," ಎಂದಳು ಅತ್ತಿ.

"ಅದಕ್ಕ ದವಾ ಕೊಡ್ತಾರೇನವ್ವ ಇಲ್ಲಿ? ಕೊಟ್ರ ನನಗೂ ಒಂದು ಶೀಶೆ ಇಸ್ಕೊಡು."

ಅತ್ತಿ ನಕ್ಕಳು. ಕೆನೆಗೆ ಇರುವೆ ಬಂದ ದಿನದಿಂದ ಅದೇ ಮೊದಲು ನಕ್ಕದ್ದು. ಇಂಥವನ್ನು ಲೆಕ್ಕಕ್ಕೆ ಹಿಡಿಯಬೇಕೋ ಬಿಡಬೇಕೋ ಗೊತ್ತಿಲ್ಲ, ನಾನು ಹಿಡಿದಿದ್ದೇನೆ. ಒಳಗಿನ ವೈದ್ಯರು ಸುಳ್ಳು ಧೈರ್ಯ ಹೇಳಲಿಲ್ಲ. ಬೆಕ್ಕಿನ ರಕ್ತ ಪರೀಕ್ಷೆ ತಮ್ಮಲ್ಲಿ ಆಗುವುದಿಲ್ಲ, ಗದ್ವಾಲದಲ್ಲಿ ನಾಯಿ ಬೆಕ್ಕು ನೋಡುವವರೊಬ್ಬರಿದ್ದಾರೆ, ಅವರಲ್ಲಿಗೆ ಹೋಗಿ ಎಂದರು.

ಮರುದಿನ ಬಾಡಿಗೆ ಕಾರು ಮಾಡಿಕೊಂಡು ಗದ್ವಾಲಕ್ಕೆ ಹೊರಟೆವು. ದಾರಿಯುದ್ದಕ್ಕೂ ಸತ್ತಂತೆ ಬಿದ್ದಿದ್ದ ಈಬತ್ತಿ ಕೃಷ್ಣಾ ನದಿಯ ಜುರಾಲ ಅಣೆಕಟ್ಟೆ ಬಂದಾಗ ತಲೆ ಎತ್ತಿತು. ಬುಟ್ಟಿಯ ಅಂಚಿಗೆ ಮುಂಗಾಲಿಟ್ಟು ಮೂಗು ಆಡಿಸಿ, ಗಟ್ಟಿಯಾಗಿ ಒಮ್ಮೆ ಕೂಗಿತು. ಅತ್ತಿ ಕೈ ಮುಗಿದಳು. "ನೋಡವ್ವ, ಕೃಷ್ಣಾ ತಾಯಿಗೆ ಶರಣು ಮಾಡಾಕತ್ತೈತಿ." ಕಟ್ಟೆಯ ಪಕ್ಕದಲ್ಲಿ ಸಾಲಾಗಿ ಮೀನು ಕರಿಯುವ ಅಂಗಡಿಗಳಿದ್ದವು. ಅವನ್ನು ನಾನೂ ನೋಡಿದೆ. ನೋಡಿ ಏನೂ ಯೋಚಿಸಲಿಲ್ಲ.

ಗದ್ವಾಲದ ಡಾಕ್ಟರು ಚಿಕ್ಕ ವಯಸ್ಸಿನವರು. ಮಾತು ತೆಲುಗು, ಆದರೆ ಹೆಂಡತಿಯ ಊರು ರಾಯಚೂರಂತೆ, ಕನ್ನಡವೂ ಬರುತ್ತಿತ್ತು. ರಕ್ತ ತೆಗೆದುಕೊಂಡು ನಮ್ಮನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ಎದುರಿಗೆ ಒಂದು ದೊಡ್ಡ ನಾಯಿ, ಅದರ ಕಿವಿಗೆ ಬ್ಯಾಂಡೇಜು. ಈಬತ್ತಿ ಅದನ್ನು ನೋಡಿಯೂ ಬೆನ್ನು ಉಬ್ಬಿಸಲಿಲ್ಲ. ಫಲಿತಾಂಶ ಬರುವ ಮೊದಲೇ ನನಗೆ ಅದು ಸಿಕ್ಕ ಹಾಗಾಯಿತು.

ಮೂತ್ರಪಿಂಡ ಸೋತಿತ್ತು. ವಾಸಿಯಾಗುವುದಲ್ಲ ಎಂದರು. ಮುಂದೆ ಮೂರು ದಾರಿ ಇಟ್ಟರು: ಹೈದರಾಬಾದಿಗೆ ಒಯ್ದು ಭರ್ತಿ ಮಾಡುವುದು, ಮನೆಯಲ್ಲೇ ದಿನ ಬಿಟ್ಟು ದಿನ ಚರ್ಮದ ಕೆಳಗೆ ಸಲೈನ್ ಕೊಡುವುದು, ಇಲ್ಲವೆ, ನೋವು ಜಾಸ್ತಿಯಾದಾಗ ಮತ್ತೆ ಏಳದ ನಿದ್ದೆಯ ಇಂಜೆಕ್ಷನ್. ಮೂರನೆಯದನ್ನು ಹೇಳುವಾಗ ನನ್ನ ಕಡೆ ನೋಡಿ ಹೇಳಿದರು, ಅತ್ತಿಯ ಕಡೆ ಅಲ್ಲ.

"ಊಟ ಏನು ಕೊಡ್ತೀರಮ್ಮಾ?"

"ಹಾಲು, ರೊಟ್ಟಿ, ಮೊಸರು ರೀ. ಈಗ ಯಾವುದೂ ಮುಟ್ಟವಲ್ದು."

"ಮಾಂಸ? ಮೊಟ್ಟೆ?"

"ನಾವು ಲಿಂಗಾಯತರು ರೀ."

"ನಾನು ಬೆಕ್ಕಿನದು ಕೇಳಿದ್ದಮ್ಮಾ."

"ಅದೂ ಲಿಂಗಾಯತನ ರೀ," ಎಂದಳು ಅತ್ತಿ, ಸ್ವಲ್ಪವೂ ನಗದೆ. ಡಾಕ್ಟರು ಚೀಟಿಯಲ್ಲಿ ಏನೋ ಬರೆದುಕೊಂಡರು.

ಪ್ರಯಾಣವನ್ನು ಬೆಕ್ಕು ತಾಳುವುದಿಲ್ಲವೆಂದು ಹೈದರಾಬಾದನ್ನು ಅಲ್ಲೇ ಬಿಟ್ಟೆವು. ಸಲೈನ್ ಚುಚ್ಚುವುದನ್ನು ನನಗೆ ಕಲಿಸಿಕೊಟ್ಟರು. ಮನೆಯಲ್ಲಿ ಸೀರೆ ತೂಗುಹಾಕುವ ಕೊಕ್ಕೆಗೆ ಸಲೈನ್ ಚೀಲ ಕಟ್ಟಿ, ಅದರ ಕೆಳಗೆ ಅತ್ತಿ ಬೆಕ್ಕನ್ನು ಹಿಡಿದು ಕೂರುವಳು, ನಾನು ಹೆಗಲ ಚರ್ಮ ಎತ್ತಿ ಸೂಜಿ ಹಾಕುವೆ. ಮೊದಲ ಸಲ ಸೂಜಿ ಚರ್ಮವನ್ನು ದಾಟಿ ಆಚೆ ಬಂದು ಅತ್ತಿಯ ಸೆರಗು ತೋಯಿಸಿತು. ಅಪ್ಪ ಬಾಗಿಲಲ್ಲಿ ನಿಂತು, "ಬೆಕ್ಕಿಗೆ ಗ್ಲೂಕೋಸು! ನಮ್ಮಪ್ಪ ಸಾಯುವಾಗ ಅಂವಗ ಹಚ್ಚಿದ್ದಿಲ್ಲ," ಎಂದ. ಅತ್ತಿ ತಲೆ ಎತ್ತದೆ, "ಹಚ್ಚಿದ್ರ ಕಿತ್ತು ಒಗೀತಿದ್ದ ನಮ್ಮಪ್ಪ. ಇದು ಅಷ್ಟು ಹಟಮಾರಿ ಅಲ್ಲ," ಎಂದಳು.

ಸಲೈನಿನಿಂದ ವಾಂತಿ ನಿಂತಿತು. ಆದರೆ ಹಾಲು ಹಾಗೇ ಉಳಿಯುತ್ತಿತ್ತು. ರೊಟ್ಟಿ ಉಳಿಯುತ್ತಿತ್ತು. ಅತ್ತಿ ಬೆರಳಿಗೆ ತುಪ್ಪ ಹಚ್ಚಿ ಅದರ ತುಟಿಗೆ ಒರೆಸಿದರೆ ಮುಖ ತಿರುಗಿಸುತ್ತಿತ್ತು. ಹೀಗೆ ವಾರಗಳಾದವು. ಅತ್ತಿಯೂ ಊಟ ಕಡಿಮೆ ಮಾಡಿದಳು. ಆಗ ನಾನು ವಿಷಯ ಎತ್ತಿದೆ.

ನಾನು ರಾಯಚೂರಿನಲ್ಲಿ ಕಾನೂನು ಓದುವಾಗ ಕಾಲೇಜಿನ ಚರ್ಚಾ ತಂಡದಲ್ಲಿದ್ದವಳು. ಈಗ ನಾರಾಯಣಪೇಟೆಯ ಕೋರ್ಟಿನಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗಿದ್ದೇನೆ. ಯಾವ ಪಕ್ಷ ಕೊಟ್ಟರೂ ಅದಕ್ಕೆ ಮೂರು ಆಧಾರ ಕೊಡುವುದು ನನಗೆ ಅಭ್ಯಾಸ. ರಾತ್ರಿ ಊಟವಾದ ಮೇಲೆ ಅಪ್ಪ, ಅತ್ತಿ ಇಬ್ಬರನ್ನೂ ಕೂರಿಸಿಕೊಂಡು ಕ್ರಮವಾಗಿ ಹೇಳಿದೆ. ತಿನ್ನುವುದು ಪ್ರಾಣಿಗೆ ಉಳಿದ ಕೊನೆಯ ಸುಖ, ಅದು ಹೋಗಿದೆ. ನಾವು ಕೊಡುತ್ತಿರುವ ನೀರು ಅದರ ಬದುಕನ್ನಲ್ಲ, ಹಸಿವನ್ನು ಉದ್ದ ಮಾಡುತ್ತಿದೆ. ಅದಕ್ಕೆ ಬೇಡವೆನ್ನಲು ಬಾಯಿಲ್ಲ, ಹಾಗಾಗಿ ನಮ್ಮ ಆಸೆಯನ್ನು ಅದರ ಆಸೆ ಅಂದುಕೊಳ್ಳುವ ಹಕ್ಕು ನಮಗಿಲ್ಲ. ಇಂಜೆಕ್ಷನ್ ಕೊಡಿಸೋಣ.

"ಬೆಕ್ಕು ಕೊಂದವರು ಬಂಗಾರದ ಬೆಕ್ಕು ಮಾಡಿಸಿ ಕಾಶಿಗೆ ಕೊಡಬೇಕಂತಾರ," ಎಂದ ಅಪ್ಪ.

"ಯಾರಿಗೆ ಕೊಡಬೇಕು?"

"ಬ್ರಾಹ್ಮಣರಿಗೆ."

"ಹಂಗಾದ್ರ ಆ ನಿಯಮ ಬರೆದವರು ಯಾರು ಅಂತ ವಿಚಾರ ಮಾಡ್ರಿ. ಬಸವಣ್ಣನ ಒಕ್ಕಲು ನಾವು, ನಮಗ್ಯಾಕ ಕಾಶಿ?"

ಅತ್ತಿ ನನ್ನ ಕಡೆ ತಿರುಗಿದಳು. "ಅದಕ್ಕ ಬಾಯಿಲ್ಲ ಅಂದಿ," ಎಂದಳು. "ನಿನಗೂ ಸಣ್ಣಾಕಿದ್ದಾಗ ಬಾಯಿದ್ದಿಲ್ಲ. ಜ್ವರ ಬಂದು ಹನ್ನೊಂದು ದಿನ ಊಟ ಬಿಟ್ಟಿದ್ದಿ."

"ನನಗ ವಾಸಿ ಆಗೋ ಜ್ವರ ಇತ್ತು, ಅತ್ತಿ."

"ಹೂಂ." ಎದ್ದು ಲೋಟ ತೊಳೆದಿಟ್ಟಳು. "ಗೆದ್ದಿ ಬಿಡು. ಸೋಮವಾರ ಬ್ಯಾಡ. ಮಂಗಳವಾರ ಹೋಗೂಣು."

ಮಂಗಳವಾರ ಗದ್ವಾಲದಲ್ಲಿ ಡಾಕ್ಟರು ಇಂಜೆಕ್ಷನ್ ತೆಗೆಯಲಿಲ್ಲ. ಮೊದಲು ಬೆಕ್ಕನ್ನು ತಕ್ಕಡಿಯ ಮೇಲಿಟ್ಟರು. ಇಳಿಸಿ, ಮತ್ತೆ ಇಟ್ಟರು.

"ಎಷ್ಟು ದಿನದಿಂದ ತಿಂದಿಲ್ಲ ಅಂದ್ರಿ?"

"ವಾರಗಟ್ಟಲೆ ಆತು ರೀ," ಎಂದೆ.

"ಹೊರಕಡೆ ಹೋಗುತ್ತಾ?"

"ಹಿತ್ತಲಾಗ ಹೋಗ್ತತಿ. ಗಟ್ಟೀನೇ ಹೋಗ್ತತಿ," ಎಂದಳು ಅತ್ತಿ.

"ಮತ್ತೆ ಅದು ಎಲ್ಲಿಂದ ಬಂತಮ್ಮಾ?" ಡಾಕ್ಟರು ನನ್ನ ಕಡೆ ತಿರುಗಿದರು. "ತೂಕ ಹೆಚ್ಚು ಇಳಿದಿಲ್ಲ. ಸಲೈನಿನಿಂದ ಇಷ್ಟು ನಿಲ್ಲೋದಿಲ್ಲ. ಇದು ಎಲ್ಲೋ ತಿನ್ನುತ್ತಿದೆ. ಎಲ್ಲಿ ಅಂತ ನೋಡಿಕೊಂಡು ಬನ್ನಿ. ಆಮೇಲೂ ಬೇಕು ಅಂದರೆ ಕೊಡುತ್ತೇನೆ."

ಮರುದಿನ ಕೋರ್ಟಿಗೆ ಹೋಗಲಿಲ್ಲ. ಮಧ್ಯಾಹ್ನ ಅತ್ತಿ ಮಲಗಿದ ಮೇಲೆ ಈಬತ್ತಿ ಬಚ್ಚಲಿನ ಹತ್ತಿರದಿಂದ ಎದ್ದಿತು. ಹಿಂಗಾಲು ಎಳೆದುಕೊಂಡು, ಎರಡು ಸಲ ಕೂತು ದಣಿವಾರಿಸಿಕೊಂಡು, ಹಿತ್ತಲ ಗೋಡೆಯ ಬಿದ್ದ ಮೂಲೆಯಿಂದ ಆಚೆ ಇಳಿಯಿತು. ನಾನು ಹಿಂದೆಯೇ ಹೋದೆ. ಆಚೆ ಇರುವುದು ಖಾಜಾಬಿಯ ಮನೆ. ನಮ್ಮ ಅಂಗಡಿಯ ಸೀರೆಗಳಿಗೆ ಕುಚ್ಚು ಕಟ್ಟಿಕೊಡುವ ಅವಳಿಗೂ ಅತ್ತಿಗೂ ಆ ಗೋಡೆಯ ಮೇಲಿಂದ ದಿನಾ ಮಾತು. ಅವಳ ಅಡುಗೆಮನೆಯ ಮೆಟ್ಟಿಲ ಮೇಲೆ ಒಂದು ಚಿಕ್ಕ ತಾಟಿತ್ತು. ತಾಟಿನಲ್ಲಿ ಬೇಯಿಸಿದ ಖೀಮಾ, ಸಣ್ಣಗೆ ಕೊಚ್ಚಿದ ಮಾಂಸ. ಈಬತ್ತಿ ನಿಧಾನವಾಗಿ, ಪೂರ್ತಿ, ತಾಟು ನೆಕ್ಕಿ ತಿಂದಿತು.

ಖಾಜಾಬಿ ಒದ್ದೆ ಬಟ್ಟೆ ಹಿಡಿದು ಹೊರಬಂದಳು. ನನ್ನನ್ನು ನೋಡಿ ಅಲ್ಲೇ ನಿಂತಳು.

"ಆ ಬಟ್ಟಿ ಯಾಕ, ಬೀ?"

"ಬಾಯಿ ಒರಸಾಕ, ಬೇಟಿ." ತಲೆ ಬಗ್ಗಿಸಿದಳು. "ವಾಸ್ನಿ ಬರಬಾರದಲ್ಲ. ಹಂಗೇ ಕಳಿಸಿದ್ರ ಶರಣಕ್ಕ ಅದನ್ನ ಮಡಿಲಾಗ ತೊಗೊಂತಾಳ, ಮುದ್ದು ಮಾಡ್ತಾಳ. ಆಮ್ಯಾಲೆ ಲಿಂಗಪೂಜಿ ಮಾಡ್ತಾಳ. ನನಗ ಪಾಪ ಬ್ಯಾಡ."

"ಎಷ್ಟು ದಿನದಿಂದ ಇದು?"

"ದಿನ ಕ್ಯಾ ಬೇಟಿ? ಇದು ಮರಿ ಇದ್ದಾಗಿಂದ."

ಅಂದರೆ ನಮ್ಮ ಬೆಕ್ಕು ಹುಟ್ಟಾ ಮಾಂಸಾಹಾರಿ. ನಮ್ಮ ಹಾಲು ಅದಕ್ಕೆ ಉಪಾಹಾರ. ಮೊದಲು ಬೇಡವಾದದ್ದು ಉಪಾಹಾರ ಮಾತ್ರ. ನನ್ನ ಮೂರು ಆಧಾರಗಳೂ ಒಂದೇ ಬಟ್ಟಲಿನ ಮೇಲೆ ನಿಂತಿದ್ದವು, ಮತ್ತು ಆ ಬಟ್ಟಲು ತಪ್ಪು ಮನೆಯದಾಗಿತ್ತು. ಡಾಕ್ಟರು ಆ ತಕ್ಕಡಿಯನ್ನು ಎರಡನೆಯ ಸಲ ನೋಡದೆ ಇದ್ದಿದ್ದರೆ ಏನಾಗುತ್ತಿತ್ತು ಎಂಬುದನ್ನು ಇಲ್ಲಿ ಬಿಡಿಸಿ ಬರೆಯುವುದಿಲ್ಲ.

"ಶರಣಕ್ಕಗ ಹೇಳಬ್ಯಾಡ," ಎಂದಳು ಖಾಜಾಬಿ.

ಹೇಳದೆ ಇರಲು ಬರುವಂತಿರಲಿಲ್ಲ. ಹೇಳದಿದ್ದರೆ ಇಂಜೆಕ್ಷನ್ ಕೊಡಿಸುವ ತೀರ್ಮಾನ ಹಾಗೇ ಉಳಿಯುತ್ತಿತ್ತು. ಸಂಜೆ ಹೇಳಿದೆ. ಅತ್ತಿ ಹಿತ್ತಲಿಗೆ ಹೋಗಿ ಗೋಡೆಯ ಹತ್ತಿರ ನಿಂತು ಕರೆದಳು.

"ಖಾಜಾ!"

ಆ ಕಡೆ ಅಡುಗೆಮನೆಯ ಬಾಗಿಲು ಮುಚ್ಚಿದ ಸದ್ದಾಯಿತು.

"ಒಳಗ ಅದೀ ಅಂತ ಗೊತ್ತೈತಿ. ಬಾ ಇಲ್ಲಿ."

ಖಾಜಾಬಿ ಬಂದಳು. "ಮಾಫ್ ಮಾಡು ಶರಣಕ್ಕ. ಅದು ಕೂತು ಮುಖ ನೋಡ್ತಿತ್ತು. ನಾ ಕ್ಯಾ ಕರೂಂ?"

"ಮಾಂಸ ಹಾಕಿದ್ದಕ್ಕ ಅಲ್ಲ ನಾ ಕರದದ್ದು. ದಿನಾ ಈ ಗ್ವಾಡಿ ಮ್ಯಾಲೆ ನಿಂತು ನಾ ಅತ್ತೀನಿ, ತಿನ್ನವಲ್ದು, ಸಾಯ್ತತಿ ಅಂತ. ನೀ ಹೂಂ ಹೂಂ ಅಂತ ಕೇಳಿದಿ. ಒಂದು ಮಾತು ಹೇಳಾಕ ಆಗಲಿಲ್ಲ? ನಿನ್ನೆ ಚುಚ್ಚಿಸಿಬಿಡತಿದ್ದೆ ಖಾಜಾ, ಚುಚ್ಚಿಸಿಬಿಡತಿದ್ದೆ!"

ಖಾಜಾಬಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಗದ್ವಾಲಕ್ಕೆ ಯಾವ ಕೆಲಸಕ್ಕೆ ಹೋಗಿದ್ದೆವು ಎಂಬುದನ್ನು ನಾವು ಅವಳಿಗೆ ಹೇಳಿರಲಿಲ್ಲ. ಎರಡು ಮನೆಯವರೂ ಮರ್ಯಾದೆಗಾಗಿ ಸುಮ್ಮನಿದ್ದೆವು, ಮತ್ತು ನಡುವೆ ಬೆಕ್ಕು ಸಾಯುವುದರಲ್ಲಿತ್ತು.

ಗದ್ವಾಲಕ್ಕೆ ಫೋನ್ ಮಾಡಿದೆ. ಡಾಕ್ಟರು ನಕ್ಕು, ಈ ಕಾಯಿಲೆಗೆ ಮಾಂಸ ಹೆಚ್ಚಾಗಬಾರದು, ಆದರೆ ತಿನ್ನದೆ ಇರುವುದು ಅದಕ್ಕಿಂತ ಕೆಟ್ಟದ್ದು, ಈ ವಯಸ್ಸಿನಲ್ಲಿ ಬಾಯಿಗೆ ಹಿಡಿಸಿದ್ದೇ ಪಥ್ಯ ಎಂದರು. ಸ್ವಲ್ಪ ದಿನಕ್ಕೆ ಈಬತ್ತಿಗೆ ಗೋಡೆ ಇಳಿಯಲು ಆಗಲಿಲ್ಲ. ಆಗ ಅತ್ತಿ ಒಂದು ವ್ಯವಸ್ಥೆ ಮಾಡಿದಳು. ಹಿತ್ತಲ ಬಾಗಿಲ ಹೊಸ್ತಿಲೊಳಗೆ ಸಲೈನ್ ಚೀಲ ಎತ್ತಿ ಹಿಡಿದು ಅವಳು; ಹೊಸ್ತಿಲಾಚೆ ತಾಟು ಹಿಡಿದು ಖಾಜಾಬಿ; ಹೊಸ್ತಿಲ ಮೇಲೆ ಬೆಕ್ಕು. ಹಿಂಭಾಗ ನಮ್ಮ ಮನೆಯಲ್ಲಿ, ಬಾಯಿ ಹೊರಗೆ. ಇದರಲ್ಲಿ ತರ್ಕ ಎಲ್ಲಿದೆ ಎಂದು ಕೇಳಿದೆ.

"ತರ್ಕ ನಿನ್ನ ಕೋರ್ಟಿನ್ಯಾಗ ಇಟ್ಕೋ ಬೇ. ಸೂಜಿ ಸರಿ ಹಿಡಿ."

ಅಪ್ಪ ಗಿರಾಕಿಗಳಿಗೆ, "ನಮ್ಮ ಬೆಕ್ಕು ಈಗ ಅರ್ಧ ಲಿಂಗಾಯತ" ಎನ್ನತೊಡಗಿದ. ಅತ್ತಿ ಊಟ ಸರಿ ಮಾಡತೊಡಗಿದಳು. ಖಾಜಾಬಿ ಶುಕ್ರವಾರ ಕಲೀಜಿ, ಅಂದರೆ ಆಡಿನ ಲಿವರ್, ತರುತ್ತಿದ್ದಳು, ತಂದ ದಿನ ಅತ್ತಿ ಮೂಗಿಗೆ ಸೆರಗು ಹಿಡಿದುಕೊಂಡೇ, "ತಿಂತೇನು? ಎಲ್ಲಾ ತಿಂತೇನು?" ಎಂದು ಕೇಳುತ್ತಿದ್ದಳು. ಒಂದು ಚಳಿಗಾಲ ಪೂರ್ತಿ ಹೀಗೆ ಸಿಕ್ಕಿತು. ನಮ್ಮ ತಪ್ಪು ತೀರ್ಮಾನ ನಡೆದಿದ್ದರೆ ಆ ಚಳಿಗಾಲ ಇರುತ್ತಿರಲಿಲ್ಲ ಎಂಬುದು ನಿಜ. ಬೆಕ್ಕನ್ನು ಕೊನೆತನಕ ಇಟ್ಟುಕೊಳ್ಳಲೇಬೇಕು ಎಂದು ಇದರಿಂದ ಸಾಬೀತಾಗುವುದಿಲ್ಲ ಎಂಬುದೂ ನಿಜ. ಎರಡನ್ನೂ ಬೆರೆಸಬೇಡಿ.

ಬಿಸಿಲು ಏರತೊಡಗಿದಾಗ ಈಬತ್ತಿ ಖೀಮಾದಿಂದ ಮುಖ ತಿರುಗಿಸಿತು. ಮರುದಿನ ಖಾಜಾಬಿ ಕಲೀಜಿ ತಂದಳು, ಅದರ ಮರುದಿನ ಮೀನು. ಬೆಕ್ಕು ಮೂಗನ್ನೂ ಆಡಿಸಲಿಲ್ಲ. ಬಾಯಿಯಿಂದ ಕೆಟ್ಟ ವಾಸನೆ ಬರುತ್ತಿತ್ತು, ಸೂಜಿ ಹಾಕಿದರೆ ಚರ್ಮ ಮಿಡುಕುತ್ತಿರಲಿಲ್ಲ. ಮೀನಿನ ತಾಟನ್ನು ಕೆಳಗಿಟ್ಟು ಖಾಜಾಬಿ ಹೇಳಿದಳು, "ಶರಣಕ್ಕ, ನನ್ನ ಹತ್ರಾನೂ ತಿನ್ನವಲ್ದು. ಖರೇ ಹೇಳಾಕತ್ತೀನಿ."

ಅತ್ತಿ ನನ್ನ ಕಡೆ ನೋಡಿದಳು. ನಾನು ಹಿಂದೆ ಮಂಡಿಸಿದ್ದ ಪ್ರತಿಯೊಂದು ಮಾತೂ ಈಗ ಸರಿಯಾಗಿತ್ತು. ಒಂದನ್ನೂ ಹೇಳಲಿಲ್ಲ.

"ನೀ ಏನಂತಿ, ಖಾಜಾ?" ಎಂದಳು ಅತ್ತಿ.

"ನಂದು ಏನೈತಿ ಅಕ್ಕ, ನಿನ್ನ ಬೆಕ್ಕು."

"ಅರ್ಧ ನಿಂದು. ಹೇಳು."

ಖಾಜಾಬಿ ಬೆಕ್ಕಿನ ಕಿವಿಯನ್ನು ಹಿಂದಕ್ಕೆ ಸವರಿದಳು. "ಕಳಿಸೂಣು," ಎಂದಳು.

ಗದ್ವಾಲಕ್ಕೆ ಮೂವರೂ ಹೋದೆವು. ಡಾಕ್ಟರು, ಹಿಡಿದುಕೊಳ್ಳಲು ಆಗದವರು ಹೊರಗೆ ಕೂರಬಹುದು ಎಂದರು. ಯಾರೂ ಏಳಲಿಲ್ಲ. ಮೊದಲು ನಿದ್ದೆಗೆ ಒಂದು, ಆಮೇಲೆ ಇನ್ನೊಂದು. ಅತ್ತಿಯ ಮಡಿಲಲ್ಲಿ ಬೆಕ್ಕು, ಖಾಜಾಬಿಯ ಕೈ ಅದರ ತಲೆಯ ಮೇಲೆ. ಇಬ್ಬರೂ ಬಾಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದರು, ಬೇರೆ ಬೇರೆ. ನಾನು ಪಕ್ಕೆಲುಬಿನ ಮೇಲೆ ಅಂಗೈ ಇಟ್ಟಿದ್ದೆ. ಏರಿಳಿತ ಸಣ್ಣದಾಯಿತು. ಯಾವುದು ಕೊನೆಯದು ಎಂದು ನನಗೆ ತಿಳಿಯಲಿಲ್ಲ. ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, "ಅಯಿಪೋಯಿಂದಮ್ಮಾ" ಎಂದ ಮೇಲೆ ಗೊತ್ತಾಯಿತು.

ಹಿತ್ತಲಲ್ಲಿ ಗುಂಡಿ ತೋಡಲು ಅಪ್ಪನಿಗೆ ಫೋನ್ ಮಾಡಿ ಹೇಳಿ, ಕಾರು ಹತ್ತಿದೆವು. ಖಾಜಾಬಿ ಮುಂದಿನ ಸೀಟಿನಲ್ಲಿ ಕಣ್ಣು ಮುಚ್ಚಿಕೊಂಡು ಕೂತಿದ್ದಳು. ಬುಟ್ಟಿ ಅತ್ತಿಯ ತೊಡೆಯ ಮೇಲಿತ್ತು. ಊರು ದಾಟಿದ ಮೇಲೆ ಅತ್ತಿ, ನನಗೆ ಮಾತ್ರ ಕೇಳುವ ಹಾಗೆ, ಕೇಳಿದಳು.

"ತಡ ಮಾಡಿದೆವೇನು? ಇಲ್ಲಾ, ಲಗೂ ಆತೇನು?"

ತಡವಾಯಿತೆಂದು ಸಾಧಿಸಬಹುದಿತ್ತು: ಕೊನೆಯ ಆ ದಿನಗಳ ಸೂಜಿಗಳಿಂದ ಯಾರಿಗೂ ಏನೂ ಸಿಗಲಿಲ್ಲ. ಬೇಗವಾಯಿತೆಂದೂ ಸಾಧಿಸಬಹುದಿತ್ತು: ಒಮ್ಮೆ ನಾವು ತಪ್ಪಿದ್ದೆವು, ಇನ್ನೊಮ್ಮೆ ತಪ್ಪಿಲ್ಲ ಎಂಬುದಕ್ಕೆ ಏನು ಸಾಕ್ಷಿ? ನನಗೆ ಎರಡು ಕಡೆಗೂ ಮಾತು ಸಿದ್ಧವಿತ್ತು. ಬೆಕ್ಕಿಗಾಗಿ ಇಂಥದ್ದೊಂದು ತೀರ್ಮಾನ ಮಾಡಿದ ಎಲ್ಲರನ್ನೂ ಯಾರೋ ಒಬ್ಬರು ಇದನ್ನು ಕೇಳುತ್ತಾರೆ. ಯಾರೂ ಕೇಳದಿದ್ದರೆ ಅವರೇ ಕೇಳಿಕೊಳ್ಳುತ್ತಾರೆ.

"ಇಲ್ಲತ್ತಿ," ಎಂದೆ. "ಸರಿ ಹೊತ್ತಿಗೇ ಆತು."

ಕಾರಣ ಕೊಡಲಿಲ್ಲ. ಅತ್ತಿಯೂ ಕೇಳಲಿಲ್ಲ.